ವಿಲಾಸಿ ನಾಟಕಕ್ಕೆ ಹಣವೆಲ್ಲಿಂದ?

ನಾಟಕವಾಡಬೇಕೆಂದು ನಾಲ್ವರು ಗೆಳೆಯರು ಒಂದೆಡೆ ಸೇರಿದರೆ ಮೊದಲು ಚರ್ಚೆಗೆ ಬರುವುದು ನಾಟಕ ಯಾವುದು, ನಾಯಕ ಯಾರು ಎಂಬ ವಿಷಯ. ಹಣದ ಮಾತು ಕಡೆಗೆ ಬರುತ್ತದೆ. ಬಂದೊಡನೆ ಎಲ್ಲರೂ ಮೌನವಾಗುತ್ತಾರೆ. ಆಗ ಒಬ್ಬನು ಧೈರ್ಯಮಾಡಿ, "ಟಿಕೀಟು ಮಾರಿದರಾಯಿತು" ಎನ್ನುತ್ತಾನೆ. ಎಲ್ಲರಿಗೂ ಸಮಾಧಾನವಾಗುತ್ತದೆ. ಎಷ್ಟೋ ವಿಲಾಸಿ ಸಂಘಗಳು ಮುರಿದುಬಿದ್ದಿರುವುದು ಈ ಸಮಾಧಾನದಿಂದಲೇ. ಕಾಲೇಜಿನ ತರುಣರೊಡನೆ ಹಲವು ವರ್ಷ ಈ ಸಾಹಸದಲ್ಲಿ ಪಾಲುಗೊಂಡ ನಾವು, ಟಿಕೀಟಿನ ಹಣ ಏಕೆ ಸಾಲದು, ಸಾಲದುದನ್ನು ಯಾರಿಂದ ಪಡೆಯುವುದು ಒಳ್ಳೆಯದು ಎಂಬೆರಡು ಮಾತುಗಳನ್ನು ಶ್ರೋತೃಗಳ ಮುಂದಿಡಬಯಸುತ್ತೇವೆ.

ಮೊದಲು ಲೆಕ್ಕವನ್ನು ನೋಡೋಣ. ಒಂದು ಸಣ್ಣ ನಾಟಕವನ್ನು ಸಿದ್ಧಪಡಿಸುವುದಕ್ಕೆ, ಎಂದರೆ ತಾಲೀಮಿನ ಸ್ಥಳ, ರಂಗಸಜ್ಜಿಕೆ, ಉಡುಪು, ಸಂಗೀತ, ಪ್ರಕಟಣೆ ಇವುಗಳಿಗೆ, 75,000 ರೂಪಾಯಿ ತಗಲುವುದೆಂದು ಊಹಿಸೋಣ. ಪರದೆ ಏಳುವ ಮುನ್ನವೇ ಆಗತಕ್ಕ ವೆಚ್ಚವಿದು. ಆಮೇಲೆ ಪ್ರತಿ ಪ್ರದರ್ಶನಕ್ಕೂ ನಾಟಕಗೃಹದ ಬಾಡಿಗೆ, ದೀಪ, ಬಣ್ಣ, ಸಾಗಾಣಿಕೆ ಎಂದು 12,500 ರೂಪಾಯಿ. ಗೃಹದಲ್ಲಿ 300 ಆಸನಗಳಿದ್ದು, 200 ಜನ ತಲಾ 150 ರೂಪಾಯಿ ಕೊಟ್ಟು ಬಂದರೆ ಒಂದು ದಿನದ ಉತ್ಪತ್ತಿ 30,000 ರೂಪಾಯಿ. ಎರಡು ದಿನ ಆಡಿ ಮುಗಿಸಿದರೆ ಬಂದುದು 60,000, ಹೋದುದು 1,00,000, ಕೈಬಿಟ್ಟುದು 40,000. ಅದೇ ನಾಟಕವನ್ನು ಮತ್ತೆಮತ್ತೆ ಆಡಿದರೋ, ಪ್ರತಿ ಪ್ರದರ್ಶನದಲ್ಲಿ ಉಳಿಯುವ 17,500 ರೂಪಾಯಿ ಸೇರುತ್ತ ಬಂದು, ಐದನೆಯ ಪ್ರದರ್ಶನಕ್ಕೆ ನಷ್ಟ ತೀರುತ್ತದೆ. ಹತ್ತಾದರೆ ಒಂದು ಲಕ್ಷ ಮಿಗುತ್ತದೆ.

ಇಲ್ಲಿಯೇ ವೃತ್ತಿನಾಟಕ ಮಂಡಲಿಗೂ ವಿಲಾಸಿ ಸಂಘಕ್ಕೂ ಇರುವ ಭೇದ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪೆನಿಯಂಥ ಮಂಡಲಿಯು ಒಂದೂರಿನಲ್ಲಿ ಬೀಡುಬಿಟ್ಟು ರಾತ್ರಿಯ ಮೇಲೆ ರಾತ್ರಿ ಆಡುತ್ತಿದ್ದಿತು. ಆದುದರಿಂದಲೇ ಅದು 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತರಬಲ್ಲುದಾಯಿತು. ಆ ವೆಚ್ಚವನ್ನು ಹೊರಲು ಅನೇಕ ರಾತ್ರಿಗಳಿದ್ದುವು. ವಿಲಾಸಿಗಳಿಗಾದರೆ ಹಗಲು ಕಚೇರಿಯಿದೆ, ಪಾಠಶಾಲೆಯಿದೆ; ಎರಡು ರಾತ್ರಿಗಳೇ ಹೆಚ್ಚು. ಟಿಕೀಟು ಅವರನ್ನು ಕಾಯಲಾರದು. ಪರದೆ ಏಳುವ ಮುನ್ನವೇ ಬೇರೆ ಯಾರಾದರೂ ಹಣ ಕೊಡಬೇಕು.

ಯಾರು ಕೊಡಬೇಕು? ಸುಲಭವಾಗಿ ತೋರುವ ದಾರಿ, ಒಬ್ಬ ಧನಿಕರನ್ನು ಹಿಡಿಯುವುದು. ನಾವೂ ಒಮ್ಮೆ ಹಾಗೆಯೇ ಮಾಡಿದೆವು. ಊರಿನ ಮಹನೀಯರೊಬ್ಬರು ಪೂರ್ಣ ವೆಚ್ಚವನ್ನು ವಹಿಸಿಕೊಂಡರು. ಅವರು ಬಯಸಿದುದು ಹೆಚ್ಚೇನೂ ಅಲ್ಲ. ತಮ್ಮ ಮಗನಿಗೊಂದು ಒಳ್ಳೆಯ ಪಾತ್ರ, ಮುಂದಿನ ಆರು ಸಾಲುಗಳು ತಮ್ಮ ಅತಿಥಿಗಳಿಗೆ. ಅಷ್ಟು ದಿನ ಆ ಪಾತ್ರಕ್ಕಾಗಿ ತಾಲೀಮು ಮಾಡಿದ್ದ ಬಡ ಹುಡುಗನನ್ನು ಕರೆದು, "ಈ ಸಲ ನೀನು ಪರದೆ ಎಳೆಯಪ್ಪ" ಎಂದವರು ನಾವೇ. ಅವನು ಎದುರಾಡಲಿಲ್ಲ, ಪರದೆಯನ್ನು ಒಂದು ತಪ್ಪೂ ಇಲ್ಲದೆ ಎಳೆದನು. ಗೃಹವೇನೋ ತುಂಬಿತ್ತು. ಆದರೆ ಬಂದವರು ಮಹನೀಯರ ಅತಿಥಿಗಳೇ ಹೊರತು ನಾಟಕದ ಪ್ರೇಕ್ಷಕರಲ್ಲ. ಮರುವರ್ಷ ಮಹನೀಯರ ಉತ್ಸಾಹ ಬೇರೆ ಕಡೆಗೆ ಹರಿಯಿತು. ನಮ್ಮಲ್ಲಿ ಹಣವೂ ಇರಲಿಲ್ಲ, ಜನವೂ ಇರಲಿಲ್ಲ. ಆ ಹುಡುಗನೂ ಬರಲಿಲ್ಲ.

ಇಂಥ ಪ್ರಸಂಗವನ್ನು ಲೋಕಪ್ರಸಿದ್ಧವಾದ ರಂಗಮಂದಿರವೂ ಕಂಡಿದೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಕವಿ ಯೇಟ್ಸ್, ಲೇಡಿ ಗ್ರೆಗೊರಿ ಮೊದಲಾದವರು ಕಟ್ಟಿದ ಆ್ಯಬಿ ರಂಗಮಂದಿರವು 1904ರಲ್ಲಿ ತೆರೆದುದು ಆನಿ ಹಾರ್ನಿಮನ್ ಎಂಬ ಆಂಗ್ಲ ಮಹಿಳೆಯ ಹಣದಿಂದ. ಆಕೆ ಚಹದ ವ್ಯಾಪಾರದಿಂದ ಸಿರಿವಂತವಾದ ಮನೆತನದವಳು, ಉದಾರಿ. ಆದರೆ ಆರು ಪೆನ್ನಿಯ ಅಗ್ಗದ ಆಸನಗಳು ಕೂಡದೆಂಬುದು ಆಕೆಯ ನಿಬಂಧನೆ. ಐರಿಷ್ ಜನತೆಯ ರಂಗಭೂಮಿಗೆ ಐರ್ಲೆಂಡಿನ ಬಡವನೇ ಬರುವುದು ಕಷ್ಟವಾಯಿತು. 1910ರಲ್ಲಿ ದೊರೆ ಏಳನೆಯ ಎಡ್ವರ್ಡ್ ತೀರಿಕೊಂಡ ಮರುದಿನ ಆ್ಯಬಿಯು ಬಾಗಿಲು ಮುಚ್ಚದೆ ನಾಟಕವಾಡಿತೆಂದು ಆಕೆ ಮುನಿದಳು, ಸಹಾಯಧನ ನಿಂತಿತು. ಆಗ ಲೇಡಿ ಗ್ರೆಗೊರಿ ನಿಧಿಗಾಗಿ ಹಲವರ ಬಾಗಿಲಿಗೆ ಹೋಗಬೇಕಾಯಿತು, ಮಂಡಲಿಯು ಅಮೆರಿಕದಲ್ಲಿ ಸಂಚರಿಸಬೇಕಾಯಿತು. ಕಡೆಗೆ 1925ರಲ್ಲಿ ಐರಿಷ್ ಸರ್ಕಾರವು 850 ಪೌಂಡುಗಳ ವಾರ್ಷಿಕ ಸಹಾಯಧನವನ್ನು ಮಂಜೂರು ಮಾಡಿತು.

ನಮ್ಮ ಕರಾವಳಿಯ ಹರಕೆಯಾಟದಲ್ಲಿಯೂ ಒಬ್ಬ ಗೃಹಸ್ಥನೇ ವೆಚ್ಚ ವಹಿಸುವನಲ್ಲ ಎಂದು ಕೆಲವರು ಕೇಳಬಹುದು. ನಿಜ. ಆದರೆ ಆತನು ಹಣ ಕೊಡುವುದು ದೇವರ ಸೇವೆಯೆಂದು. ಬಯಲಿನಲ್ಲಿ ನಡೆಯುವ ಆಟವನ್ನು ಊರಿಗೆ ಊರೇ ಬಂದು ನೋಡುತ್ತದೆ. ಹರಕೆ ಹೊತ್ತನೆಂದು ಆತನು ಕಿರೀಟ ಕಟ್ಟಿಕೊಂಡು ರಂಗಕ್ಕೆ ಬರುವುದಿಲ್ಲ. ಕೊಟ್ಟವನು ಕೊಟ್ಟುದನ್ನು ಮರೆಯುವ ಆ ಸಂಸ್ಕಾರವಿದ್ದಲ್ಲಿ ಒಬ್ಬನ ಹಣವೂ ಕ್ಷೇಮವೇ. ನಗರದಲ್ಲಿ ಅದನ್ನು ನಂಬಿ ಕೂರುವುದು ಜಾಣತನವಲ್ಲ.

ಸ್ಮರಣ ಸಂಚಿಕೆಯ ಜಾಹೀರಾತುಗಳು ಇನ್ನೊಂದು ದಾರಿ. ಸ್ವಲ್ಪ ಬರುತ್ತದೆ, ಆದರೆ ನಟರು ತಾಲೀಮು ಬಿಟ್ಟು ಅಂಗಡಿ ಅಂಗಡಿ ಅಲೆಯಬೇಕಾಗುತ್ತದೆ.

ಉಳಿದುದು ಅನೇಕರಿಂದ ಕೊಂಚಕೊಂಚವಾಗಿ ಮುಂಗಡ ಚಂದಾ ಪಡೆಯುವ ಮಾರ್ಗ. ಇದಕ್ಕೆ ದಾರಿ ತೋರಿದವನು ಪ್ಯಾರಿಸಿನ ಆಂದ್ರೆ ಆಂತ್ವಾನ್, ಅನಿಲ ಕಂಪೆನಿಯೊಂದರ ಗುಮಾಸ್ತೆ. 1887ರ ಮಾರ್ಚಿ 30ರಂದು ಅವನು 'ಸ್ವತಂತ್ರ ರಂಗಭೂಮಿ' ಎಂಬರ್ಥದ ಹೆಸರಿಟ್ಟು ನಾಲ್ಕು ಕಿರುನಾಟಕಗಳನ್ನಾಡಿಸಿದನು. ಬಾಡಿಗೆಗೆ ತನ್ನ ಸಂಬಳ. ರಂಗಸಜ್ಜಿಕೆಗೆ ತಾಯಿಯ ಮನೆಯ ಮೇಜು ಕುರ್ಚಿಗಳು, ಅವನ್ನು ಕೈಗಾಡಿಯಲ್ಲಿ ಹೇರಿ ತಾನೇ ತಳ್ಳಿಕೊಂಡು ಬಂದನು. ಆಮೇಲೆ ಇಡೀ ಋತುವಿನ ನಾಟಕಗಳಿಗೆ ಮುಂಗಡವಾಗಿ ಚಂದಾ ಕೋರಿ ಸಾವಿರಕ್ಕೆ ಮಿಕ್ಕ ಕಾಗದಗಳನ್ನು ಬರೆದು, ಅಂಚೆಯ ವೆಚ್ಚ ಉಳಿಸಲು ಮನೆಮನೆಗೂ ನಡೆದು ಮುಟ್ಟಿಸಿದನು. ಚಂದಾದಾರರಿಗಷ್ಟೆ ನಡೆಯುವ ಖಾಸಗಿ ಪ್ರದರ್ಶನವಾದುದರಿಂದ ಸರ್ಕಾರದ ಪರಿಶೀಲಕರ ಕತ್ತರಿ ಅದನ್ನು ಮುಟ್ಟಲಿಲ್ಲ. ಇಬ್ಸೆನ್ನನ 'ಗೋಸ್ಟ್ಸ್' ನಾಟಕ 1890ರಲ್ಲಿ ಅಲ್ಲಿ ರಂಗವೇರಿತು. ಮರುವರ್ಷ ಲಂಡನ್ನಿನಲ್ಲಿ ಗ್ರೈನ್ ಎಂಬಾತನು ಇದೇ ಕ್ರಮವನ್ನನುಸರಿಸಿ, ಇದೇ ನಾಟಕದಿಂದ ತನ್ನ ಸಂಘವನ್ನಾರಂಭಿಸಿದನು.

ಆದರೂ 1894ರಲ್ಲಿ ಆಂತ್ವಾನನು ಸಾಲ ಹೊತ್ತು ಆ ರಂಗವನ್ನು ಬಿಟ್ಟನು. ಏಕೆ? ಪ್ರತಿ ನಾಟಕವೂ ಚಂದಾದಾರರಿಗೆ ಒಂದೆರಡು ರಾತ್ರಿ ಆಡಿದೊಡನೆ ಮುಗಿಯುತ್ತಿತ್ತು. ಮರುತಿಂಗಳು ಮತ್ತೆ ಹೊಸ ನಾಟಕ, ಹೊಸ ವೆಚ್ಚ. ನಾವು ಮೊದಲು ಹಾಕಿದ ಲೆಕ್ಕವೇ ಅವನನ್ನೂ ಹಿಡಿಯಿತು. ಆದುದರಿಂದ ಮುಂಗಡ ಚಂದಾ ಒಂದು ಕೈಯಾದರೆ, ಸಿದ್ಧವಾದ ನಾಟಕವನ್ನು ಬೇರೆ ಬೇರೆ ಊರುಗಳಲ್ಲಿ ಮತ್ತೆಮತ್ತೆ ಆಡುವುದು ಇನ್ನೊಂದು ಕೈ. ಹೆಗ್ಗೋಡಿನ ನೀನಾಸಂ ಸಂಸ್ಥೆಯು 1985ರಲ್ಲಿ ತಿರುಗಾಟವನ್ನಾರಂಭಿಸಿ, ಒಮ್ಮೆ ಕಟ್ಟಿದ ನಾಟಕವನ್ನು ಊರೂರಿಗೆ ಒಯ್ದುದರಲ್ಲಿ ಈ ವಿವೇಕವೂ ಅಡಗಿದೆ. ಸಣ್ಣ ಸಂಘವು ಅಷ್ಟು ದೂರ ಹೋಗಬೇಕಾಗಿಲ್ಲ; ನೆರೆಯ ಮೂರು ಊರುಗಳು ಸಾಕು.

ಈಗ ಅಂತರ್ಜಾಲದ ಮೂಲಕ ಚಂದಾ ಎತ್ತುವುದು ರೂಢಿಗೆ ಬಂದಿದೆ. ಆಂತ್ವಾನನ ಕಾಲ್ನಡಿಗೆ ಉಳಿಯಿತು, ಅಷ್ಟೆ; ಕೇಳುವ ಧರ್ಮ ಬದಲಾಗಿಲ್ಲ. ನಾಟಕ ಯಾವುದು, ಎಷ್ಟು ಬೇಕು, ಏತಕ್ಕೆ ಬೇಕು ಎಂಬುದನ್ನು ಮೊದಲೇ ಹೇಳಬೇಕು. ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು.

ಮಹನೀಯರು ಕೈಬಿಟ್ಟ ಮೇಲೆ ನಾವು ಹಾಗೆಯೇ ಮಾಡಿದೆವು. ಕೊಡಬಲ್ಲಷ್ಟನ್ನು ಕೊಟ್ಟ ಎಲ್ಲರಿಗೂ ಅಚ್ಚುಮಾಡಿಸಿದ ಲೆಕ್ಕವನ್ನು ಹಂಚಿದೆವು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಅದನ್ನು ಓದಿ, "ಉಡುಪಿಗಿಂತ ಕಾಫಿಗೆ ಹೆಚ್ಚು ಖರ್ಚಾಗಿದೆಯಲ್ಲ ಸ್ವಾಮಿ!" ಎಂದು ಗದರಿಸಿದರು. ನಮಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಅವರು ಕೊಟ್ಟುದು ಅಲ್ಪ ಮೊತ್ತ. ಆದರೆ ನಾಟಕ ತಮ್ಮದೆಂದು ತಿಳಿಯದವರು ಹಾಗೆ ಗದರಿಸುವುದಿಲ್ಲ. ಮರುವರ್ಷ ಅವರು ನಾಲ್ವರನ್ನು ಕರೆತಂದರು. ಪಾತ್ರಗಳನ್ನು ಹಂಚುವಾಗ ನಾವು ಯಾರ ಮುಖವನ್ನೂ ನೋಡಬೇಕಾಗಲಿಲ್ಲ.