ಕಿಸೆಯೊಳಗಿನ ವೈದ್ಯನಿಗೆ ನಮ್ಮ ಭಾಷೆಯೂ ಬರಬೇಕು

ಒಂದು ಮಳೆಗಾಲದ ಬೆಳಿಗ್ಗೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಮೊಬೈಲು ಹಿಡಿದುಕೊಂಡು ಅಧ್ಯಾಪಕರ ಕೊಠಡಿಗೆ ಬಂದಳು. "ಸಾರ್, ಇದರಲ್ಲಿ ಏನು ಬರೆದಿದೆ ಅಂತ ಒಮ್ಮೆ ಹೇಳ್ತೀರಾ? ಅಕ್ಷರ ಓದ್ಲಿಕ್ಕೆ ಬರ್ತದೆ, ಅರ್ಥ ಆಗುದಿಲ್ಲ" ಎಂದಳು. ಆಸ್ಪತ್ರೆಯೊಂದರಿಂದ ಬಂದ, ಮಲಯಾಳದಲ್ಲಿದ್ದ ನಾಲ್ಕು ಸಾಲಿನ ಸಂದೇಶ ಅದು. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ರಕ್ತ ಕೊಟ್ಟು ಆಹಾರ ತೆಗೆದುಕೊಳ್ಳುವ ತನಕ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಬಾರದು ಎಂದಿತ್ತು. ಹಿಂದಿನ ಸಲ ಇಂತಹದೇ ಸಂದೇಶ ಬಂದಾಗ ಅದರ ಮೊದಲ ಅರ್ಧವನ್ನು ಮಾತ್ರ ಯಾರೋ ಓದಿ ಹೇಳಿದ್ದರಂತೆ. ಅಜ್ಜಿ ಬೆಳಗಿನ ಗಂಜಿ ಬಿಟ್ಟರು, ಮಾತ್ರೆ ಬಿಡಲಿಲ್ಲ. ಬಸ್ಸು ಕಾಯುತ್ತಿದ್ದಲ್ಲೇ ತಲೆ ತಿರುಗಿ ಕುಸಿದರು. ಪಕ್ಕದ ಅಂಗಡಿಯವರು ಸಕ್ಕರೆ ನೀರು ಕುಡಿಸಿದುದರಿಂದ ಚೇತರಿಸಿಕೊಂಡರು.

ಮೊಬೈಲಿನ ಮೂಲಕ ಆರೋಗ್ಯಸೇವೆ ಎಂಬ ಹೊಸ ಉದ್ಯಮದ ಬಗೆಗೆ ದೊಡ್ಡ ದೊಡ್ಡ ಮಾತುಗಳು ಕೇಳಿಬರುತ್ತಿರುವಾಗ ನಮಗೆ ನೆನಪಾಗುವುದು ಈ ಅಜ್ಜಿಯೇ. ಉದ್ಯಮಕ್ಕೆ ಭವಿಷ್ಯವಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಯಾರನ್ನು ತಲಪುತ್ತದೆ ಎಂಬುದೇ ಪ್ರಶ್ನೆ.

ದೂರದಿಂದ ರೋಗಿಯನ್ನು ನೋಡುವ ವಿಚಾರ ಹೊಸತೇನೂ ಅಲ್ಲ. ಹೃದಯದ ಮಿಡಿತವನ್ನು ದಾಖಲಿಸುವ ಇ.ಸಿ.ಜಿ. ಯಂತ್ರವನ್ನು ರೂಪಿಸಿದ ಹಾಲೆಂಡಿನ ವಿಜ್ಞಾನಿ ಐಂಥೋವೆನ್ 1905ರಲ್ಲಿಯೇ ಲೈಡನ್ ನಗರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತವನ್ನು ಟೆಲಿಫೋನು ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರು ದೂರದ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದನು. ಅಂದು ವಿಜ್ಞಾನಿಯೊಬ್ಬನ ಪ್ರಯೋಗವಾಗಿದ್ದುದು ಇಂದು ನಿತ್ಯದ ವ್ಯವಹಾರವಾಗಿದೆ. ಬೆಂಗಳೂರಿನ ಟ್ರೈಕಾಗ್ ಸಂಸ್ಥೆಯು ಸಣ್ಣ ಊರುಗಳ ಚಿಕಿತ್ಸಾಲಯಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ಕೆಲವೇ ನಿಮಿಷಗಳಲ್ಲಿ ಪರಿಶೀಲಿಸಿ ವರದಿ ಕಳುಹಿಸುತ್ತದೆ. ನಮ್ಮ ನೆರೆಯ ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತರು ವಾಟ್ಸಾಪಿನ ಗುಂಪುಗಳ ಮೂಲಕವೇ ಕರಾವಳಿ ಮತ್ತು ಮಲೆನಾಡಿನ ಹಳ್ಳಿಗಳ ವೈದ್ಯರಿಗೆ ಇ.ಸಿ.ಜಿ. ನೋಡಿ ಸಲಹೆ ನೀಡುವ ಏರ್ಪಾಡನ್ನು ಮಾಡಿದರು. ಎದೆನೋವು ಬಂದವನನ್ನು ಎಲ್ಲಿಗೆ ಸಾಗಿಸಬೇಕು, ಎಷ್ಟು ಬೇಗ ಸಾಗಿಸಬೇಕು ಎಂಬ ತೀರ್ಮಾನ ಹಳ್ಳಿಯಲ್ಲಿಯೇ ಆಗುವುದೆಂದರೆ ಅದೇನು ಸಣ್ಣ ಸಂಗತಿಯಲ್ಲ.

ಸರಕಾರವೂ ಹಿಂದೆ ಬಿದ್ದಿಲ್ಲ. ದೂರವೈದ್ಯಕ್ಕೆ ಸಂಬಂಧಿಸಿದ ಮಾರ್ಗಸೂಚಿಯನ್ನು 2020ರ ಮಾರ್ಚ್ 25ರಂದು ಪ್ರಕಟಿಸಲಾಯಿತು. ಕೇಂದ್ರ ಸರಕಾರದ ಇ-ಸಂಜೀವನಿಯ ಮೂಲಕ ಮನೆಯಲ್ಲಿ ಕುಳಿತೇ ಉಚಿತವಾಗಿ ವೈದ್ಯರನ್ನು ಕಂಡು ಮದ್ದಿನ ಚೀಟಿ ಪಡೆಯುವ ಸೌಲಭ್ಯವು ಅದೇ ವರ್ಷ ಕೇರಳದಲ್ಲಿಯೂ ಬಂತು. 2023ರ ಫೆಬ್ರವರಿಯ ವೇಳೆಗೆ ದೇಶದಾದ್ಯಂತ ಈ ವ್ಯವಸ್ಥೆಯಲ್ಲಿ ನಡೆದ ಸಮಾಲೋಚನೆಗಳ ಸಂಖ್ಯೆ 10 ಕೋಟಿಯನ್ನು ದಾಟಿತು.

ಗಡಿನಾಡಿನ ನಮಗೆ ಆ ಮಾರ್ಗಸೂಚಿಯಲ್ಲಿ ಒಂದು ವಿಶೇಷವಿದೆ. ನೋಂದಾಯಿತ ವೈದ್ಯನು ಭಾರತದ ಯಾವ ಭಾಗದ ರೋಗಿಗಾದರೂ ಫೋನಿನ ಮೂಲಕ ಸಲಹೆ ಕೊಡಬಹುದೆಂದು ಅದು ಹೇಳುತ್ತದೆ. ಅದು ಪ್ರಕಟವಾದ ದಿನಗಳಲ್ಲಿಯೇ ತಲಪಾಡಿಯಲ್ಲಿ ರಸ್ತೆ ಮುಚ್ಚಿತ್ತು. ಒಳದಾರಿಗಳಿಗೆ ಮಣ್ಣು ಸುರಿಯಲಾಗಿತ್ತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟರು. ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ದಿನಗಳನ್ನು ಕಂಡ ನಾವು, ಗಡಿಯಲ್ಲಿ ನಿಲ್ಲದೆ ಆಚೆಗೆ ಹೋಗಬಲ್ಲ ವೈದ್ಯಸಲಹೆಯ ಬೆಲೆಯನ್ನು ಬಲ್ಲೆವು.

ಇಷ್ಟೆಲ್ಲ ಇದ್ದರೂ ತೊಡಕುಗಳು ಕಡಿಮೆಯಿಲ್ಲ. ಮೊದಲನೆಯದು ಯಂತ್ರದ ಮಿತಿ. ಫೋನು ಹೊಟ್ಟೆಯನ್ನು ಒತ್ತಿ ನೋಡಲಾರದು. ಎಲ್ಲ ಮದ್ದುಗಳನ್ನೂ ಫೋನಿನಲ್ಲಿ ಬರೆದುಕೊಡುವಂತಿಲ್ಲ. ಮಾದಕ ಗುಣವುಳ್ಳ ಕೆಲವು ಮದ್ದುಗಳನ್ನು ಮಾರ್ಗಸೂಚಿಯೇ ನಿಷೇಧಿಸಿದೆ. ಗುಡ್ಡದ ಬುಡದ ಮನೆಗಳಲ್ಲಿ ಸಿಗ್ನಲು ಹುಡುಕುತ್ತ ತೋಟದ ತುದಿಗೆ ಓಡಬೇಕಾದವರಿಗೆ ವೀಡಿಯೋ ಸಮಾಲೋಚನೆಯೆಂಬುದು ಅರ್ಧ ಮಾತಿನಲ್ಲೇ ಕಡಿಯುವ ಸಂಭಾಷಣೆ.

ಎರಡನೆಯದು ಹಣದ ಪ್ರಶ್ನೆ. ಲಂಡನ್ನಿನಲ್ಲಿ 2013ರಲ್ಲಿ ಆರಂಭವಾದ ಬ್ಯಾಬಿಲಾನ್ ಎಂಬ ಕಂಪೆನಿ ಈ ಉದ್ಯಮದ ದೊಡ್ಡ ಹೆಸರಾಗಿತ್ತು. 2021ರಲ್ಲಿ ನ್ಯೂಯಾರ್ಕಿನ ಶೇರು ಮಾರುಕಟ್ಟೆಗೆ ಬಂದಾಗ ಅದರ ಮೌಲ್ಯ 400 ಕೋಟಿ ಡಾಲರಿಗೂ ಮಿಕ್ಕಿತ್ತು. 2023ರಲ್ಲಿ ಅದು ದಿವಾಳಿಯೆದ್ದಿತು. ಆಫ್ರಿಕದ ರುವಾಂಡಾದಲ್ಲಿ ಸಾದಾ ಫೋನಿನ ಮೂಲಕವೇ ಅದು ನಡೆಸುತ್ತಿದ್ದ ವೈದ್ಯಸೇವೆಯೂ ಅದೇ ವರ್ಷ ನಿಂತಿತು. ಎಲ್ಲಿಯೋ ಕಂಪೆನಿ ಮುಳುಗಿದರೆ ಇನ್ನೆಲ್ಲಿಯೋ ರೋಗಿಯ ಕರೆಗೆ ಉತ್ತರವಿಲ್ಲದಂತಾಗುತ್ತದೆ. ಆದುದರಿಂದ ಸರಕಾರಿ ಆಸ್ಪತ್ರೆಯನ್ನು ಬಲಪಡಿಸುವುದಕ್ಕೆ ಮೊಬೈಲು ಬರಲಿ, ಆಸ್ಪತ್ರೆಯ ಬದಲಿಗೆ ಬರುವುದು ಬೇಡ.

ಮೂರನೆಯದು ಗುಟ್ಟಿನ ಪ್ರಶ್ನೆ. ಡಾಕ್ಟರಲ್ಲಿ ಹೇಳಿಕೊಂಡ ಕಾಯಿಲೆ ಊರಿಗೆಲ್ಲ ತಿಳಿಯಬಾರದು. ವ್ಯಕ್ತಿಗಳ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾನೂನು ಮಾಡಿದೆ. ಆದರೆ ಓದಲು ಬಾರದ ಭಾಷೆಯಲ್ಲಿ "ಒಪ್ಪಿಗೆ" ಎಂಬ ಗುಂಡಿಯನ್ನು ಒತ್ತಿದವರು ಯಾವುದಕ್ಕೆ ಒಪ್ಪಿದಂತಾಯಿತು?

ಇಲ್ಲಿಗೆ ನಾವು ಮುಖ್ಯ ತೊಡಕಿಗೆ ಬಂದೆವು. ಅದೇ ಭಾಷೆ. ಇದು ಪರಿಹಾರವಿಲ್ಲದ ತೊಡಕೆಂದು ಯಾರೂ ಹೇಳಲಾರರು. 2020ರಲ್ಲಿ ಬಂದ ಆರೋಗ್ಯ ಸೇತುವಿನಲ್ಲಿ ಕನ್ನಡವಿತ್ತು, ಲಸಿಕೆಯ ನೋಂದಣಿಗಾಗಿದ್ದ ಕೋವಿನ್‌ನಲ್ಲಿಯೂ ಕನ್ನಡ ಬಂತು. ಓದಲು ಬಾರದವರಿಗಾಗಿ ಕೇಂದ್ರ ಸರಕಾರವು 2016ರಲ್ಲಿ "ಕಿಲ್ಕಾರಿ" ಎಂಬ ಯೋಜನೆಯನ್ನು ಕೆಲವು ರಾಜ್ಯಗಳಲ್ಲಿ ಆರಂಭಿಸಿತು. ಗರ್ಭಿಣಿಗೆ ನಾಲ್ಕನೆಯ ತಿಂಗಳಿನಿಂದ ಮಗುವಿಗೆ ಒಂದು ವರ್ಷವಾಗುವ ತನಕ ವಾರಕ್ಕೊಂದರಂತೆ 72 ಕರೆಗಳು ಬರುತ್ತವೆ. ಕಿವಿಗೊಟ್ಟು ಕೇಳಿದರೆ ಸಾಕು. ಇಂತಹ ಧ್ವನಿಸಂದೇಶವನ್ನು ಕನ್ನಡದಲ್ಲಿ, ತುಳುವಿನಲ್ಲಿ ಕೇಳಿಸುವುದು ತಂತ್ರಜ್ಞರಿಗೆ ಅಸಾಧ್ಯವಾದ ಕೆಲಸವಲ್ಲ. ಬೇಕಾದುದು ಮನಸ್ಸು.

ಹಕ್ಕಿನ ಮಾತೂ ಇದೆ. ಸರಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಿ ಕನ್ನಡದಲ್ಲಿಯೇ ಉತ್ತರ ಪಡೆಯುವ ಅವಕಾಶವನ್ನು ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ 1969ರ ಕೇರಳದ ಅಧಿಕೃತ ಭಾಷಾ ಕಾನೂನು ನೀಡಿತು. ಅಂದು ಕಾಗದದ ಕಾಲ. ಇಂದು ಉತ್ತರ ಬರುವುದು ಫೋನಿಗೆ. ಕಾಗದ ಹೋಗಿ ಮೊಬೈಲು ಬಂದಿತೆಂದು ನ್ಯಾಯ ಬದಲಾಗಬಾರದು. ಮಲಯಾಳದ ಮೇಲೆ ನಮಗೆ ದ್ವೇಷವಿಲ್ಲ. ನಮ್ಮ ಮಕ್ಕಳು ಅದನ್ನು ಕಲಿಯಲಿ. ಆದರೆ ಎಪ್ಪತ್ತರ ಅಜ್ಜಿಯು ಮಾತ್ರೆ ನುಂಗುವ ಮೊದಲು ಹೊಸ ಲಿಪಿ ಕಲಿಯಬೇಕೆಂದು ಹೇಳುವುದು ವೈದ್ಯಧರ್ಮವಲ್ಲ.

ನಮ್ಮಿಂದಾಗುವ ಕೆಲಸವೂ ಕೆಲವಿದೆ. ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗ "ನಮಗೆ ಕನ್ನಡದಲ್ಲಿ ತಿಳಿಸಿ" ಎಂದು ಬಾಯಿ ಬಿಟ್ಟು ಕೇಳೋಣ. ಮನೆಗೆ ಬರುವ ಆಶಾ ಕಾರ್ಯಕರ್ತೆಯಲ್ಲಿ ಸಂದೇಶವನ್ನು ತೋರಿಸಿ, ಪೂರ್ತಿ ಓದಿಸಿಕೊಳ್ಳೋಣ. ಕನ್ನಡದ ಕುಟುಂಬಗಳು ಹೆಚ್ಚಿರುವ ಪಂಚಾಯತುಗಳಲ್ಲಿ ಗ್ರಾಮಸಭೆಗೆ ಹೋಗಿ, ಆರೋಗ್ಯ ಕೇಂದ್ರದ ಸಂದೇಶಗಳು ಎರಡು ಭಾಷೆಗಳಲ್ಲಿ ಬರಬೇಕೆಂದು ಲಿಖಿತ ಅರ್ಜಿ ಕೊಡೋಣ. ಕೇಳದವರಿಗೆ ಬೇಡಿಕೆ ಇಲ್ಲವೆಂದೇ ಕಚೇರಿಗಳು ತಿಳಿದುಕೊಳ್ಳುತ್ತವೆ.

ಆ ಹುಡುಗಿ ಈಗ ಪ್ರತಿ ಸಂದೇಶವನ್ನೂ ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುತ್ತಾಳೆ. ಮೊನ್ನೆ ದಾರಿಯಲ್ಲಿ ಸಿಕ್ಕಿದ ಅಜ್ಜಿ, "ಮಾಷ್ಟ್ರೇ, ಪುಳ್ಳಿ ಇರುವನ್ನಾರ ಚಿಂತೆ ಇಲ್ಲೆ" ಎಂದರು. ಆಕೆ ಮುಂದಿನ ಓದಿಗೆಂದು ಊರು ಬಿಟ್ಟ ಮೇಲೆ ಅಜ್ಜಿಗೆ ಓದಿ ಹೇಳುವವರು ಯಾರು? ಉದ್ಯಮವೂ ಸರಕಾರವೂ ಉತ್ತರಿಸಬೇಕಾದ ಪ್ರಶ್ನೆ ಇದು.