ಬಣ್ಣದಿಂದ ಮದ್ದಿನವರೆಗೆ

ನಾನು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಗ, 1960ರ ದಶಕದ ಕೊನೆಯ ವರ್ಷಗಳಲ್ಲಿ, ನಮ್ಮ ಓಣಿಯ ಒಂದು ಮನೆಯ ಹಿತ್ತಲಲ್ಲಿ ಒಬ್ಬ ಯುವಕನನ್ನು ಸರಪಳಿಯಿಂದ ಕಂಬಕ್ಕೆ ಕಟ್ಟಿಹಾಕುತ್ತಿದ್ದರು. ಯಾರೋ ತನ್ನೊಡನೆ ಮಾತನಾಡುತ್ತಿರುವರೆಂದು ಅವನು ಬಯಲಿಗೆ ಉತ್ತರ ಕೊಡುತ್ತಿದ್ದನು. ದೆವ್ವ ಹಿಡಿದಿದೆ ಎಂದು ಹಿರಿಯರು ಹೇಳುತ್ತಿದ್ದರು. ಹುಡುಗರಾದ ನಾವು ಬೇಲಿಯ ಸಂದಿಯಿಂದ ಇಣುಕಿ ನಗುತ್ತಿದ್ದೆವು. ಅಂತಹ ಕಾಯಿಲೆಗೆ ಔಷಧವೊಂದು ಅದಾಗಲೇ ಜಗತ್ತಿನಲ್ಲಿ ಬಳಕೆಗೆ ಬಂದಿತ್ತೆಂಬುದನ್ನು ನಾನು ತಿಳಿದದ್ದು ಬಹಳ ವರ್ಷಗಳ ತರುವಾಯ. ಆ ಔಷಧದ ಮೂಲ ದ್ರವ್ಯದ ಹೆಸರು ಫೀನೋಥಯಜೀನ್.

ಫೀನೋಥಯಜೀನ್ ಒಂದು ಸಾವಯವ ಸಂಯುಕ್ತ. ಅದರ ಒಂದು ಅಣುವಿನಲ್ಲಿ ಇಂಗಾಲದ 12, ಜಲಜನಕದ 9, ಸಾರಜನಕದ 1 ಮತ್ತು ಗಂಧಕದ 1 ಪರಮಾಣುಗಳಿವೆ. ಎರಡು ಬೆಂಜೀನ್ ಉಂಗುರಗಳನ್ನು ಒಂದು ಕಡೆ ಸಾರಜನಕವೂ ಇನ್ನೊಂದು ಕಡೆ ಗಂಧಕವೂ ಬೆಸೆದಿರುವುದರಿಂದ ನಡುವೆ ಮೂರನೆಯ ಉಂಗುರವೊಂದು ಏರ್ಪಡುತ್ತದೆ. ಈ ಮೂರು ಉಂಗುರಗಳ ಚೌಕಟ್ಟೇ ನಮ್ಮ ಕಥೆಯ ನಾಯಕ.

ಇದರ ಹುಟ್ಟಿಗೂ ಮನೋರೋಗಕ್ಕೂ ಯಾವ ಸಂಬಂಧವೂ ಇರಲಿಲ್ಲ. 1876ರಲ್ಲಿ ಜರ್ಮನಿಯ ಹೈನ್ರಿಕ್ ಕಾರೊ ಎಂಬ ರಸಾಯನಶಾಸ್ತ್ರಜ್ಞನು ಬಟ್ಟೆಗೆ ಹಾಕುವ ಮೆಥಿಲೀನ್ ನೀಲಿ ಎಂಬ ಬಣ್ಣವನ್ನು ತಯಾರಿಸಿದನು. ಅದರ ಅಣುರಚನೆಯನ್ನು ಅರಿಯಲು ಹೊರಟ ಆಗಸ್ಟ್ ಬರ್ನ್ಟ್‌ಸೆನ್ ಎಂಬಾತನು 1883ರಲ್ಲಿ ಡೈಫಿನೈಲಮೀನನ್ನು ಗಂಧಕದೊಡನೆ ಕಾಯಿಸಿ ಫೀನೋಥಯಜೀನನ್ನು ಪಡೆದನು. ಮುಂದೆ ಐವತ್ತು ವರ್ಷಗಳ ಮೇಲೆ ಅದು ಕೀಟನಾಶಕವಾಯಿತು. ಕುರಿ, ಕುದುರೆಗಳ ಹೊಟ್ಟೆಹುಳುಗಳಿಗೆ ಮದ್ದಾಯಿತು.

1940ರ ದಶಕದಲ್ಲಿ ಫ್ರಾನ್ಸಿನ ರೋನ್-ಪುಲಾಂಕ್ ಸಂಸ್ಥೆಯ ರಸಾಯನಶಾಸ್ತ್ರಜ್ಞರು ಈ ಚೌಕಟ್ಟಿನ ಸಾರಜನಕಕ್ಕೆ ಪರಮಾಣುಗಳ ಸಣ್ಣ ಸರಣಿಯೊಂದನ್ನು ಬಾಲದಂತೆ ಜೋಡಿಸಿದರು. ಹೀಗೆ ದೊರೆತ ಪ್ರೊಮೆಥಜೀನ್ ಅಲರ್ಜಿಯನ್ನು ಶಮನಮಾಡಿತು. ಜೊತೆಗೆ ಮಂಪರನ್ನೂ ತಂದಿತು. ಆನ್ರಿ ಲಾಬೊರಿ ಎಂಬ ನೌಕಾಪಡೆಯ ಶಸ್ತ್ರವೈದ್ಯನು ಈ ಗುಣವನ್ನು ಗಮನಿಸಿದನು. ಶಸ್ತ್ರಚಿಕಿತ್ಸೆಯ ಆಘಾತವನ್ನು ತಗ್ಗಿಸಲು ಮಿದುಳಿನ ಮೇಲೆ ಇನ್ನೂ ಹೆಚ್ಚು ಪರಿಣಾಮ ಮಾಡುವ ಔಷಧ ಅವನಿಗೆ ಬೇಕಾಗಿತ್ತು. 1950ರ ಡಿಸೆಂಬರಿನಲ್ಲಿ ಪಾಲ್ ಶಾರ್ಪಾಂತಿಯೇ ಎಂಬಾತನು ಬಾಲದ ಜೊತೆಗೆ ಕ್ಲೋರಿನ್ನಿನ ಒಂದು ಪರಮಾಣುವನ್ನೂ ಉಂಗುರಕ್ಕೆ ಸೇರಿಸಿದನು. ಅದೇ ಕ್ಲೋರ್‌ಪ್ರೊಮಜೀನ್.

ಇದನ್ನು ಪಡೆದ ರೋಗಿಗಳು ಎಚ್ಚರ ತಪ್ಪಲಿಲ್ಲ, ಕರೆದರೆ ಓಗೊಡುತ್ತಿದ್ದರು. ಆದರೆ ಅವರ ಕಳವಳ ಅಡಗಿತ್ತು. ಇದು ಮನೋರೋಗಿಗಳಿಗೂ ನೆರವಾಗಬಹುದೆಂದು ಲಾಬೊರಿಗೆ ತೋರಿತು. 1952ರಲ್ಲಿ ಪ್ಯಾರಿಸ್ಸಿನ ಸೇಂತ್ ಆನ್ ಆಸ್ಪತ್ರೆಯಲ್ಲಿ ಜಾನ್ ದಲೇ ಮತ್ತು ಪಿಯರ್ ದೆನಿಕೇರ್ ಎಂಬ ವೈದ್ಯರು ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. ಉದ್ರೇಕದಿಂದ ಕೂಗಾಡುತ್ತಿದ್ದವರು ಶಾಂತರಾದರು. ಇಲ್ಲದ ದನಿಗಳು ಹಲವರ ಕಿವಿಯಲ್ಲಿ ಕ್ಷೀಣಿಸಿದವು. ಅನೇಕರು ಮನೆಗೆ ಮರಳುವಂತಾದರು.

ಇದು ಹೇಗೆ ಸಾಧ್ಯವಾಯಿತು? ಮಿದುಳಿನ ನರಕೋಶಗಳು ಕೆಲವು ರಾಸಾಯನಿಕಗಳ ಮೂಲಕ ಒಂದರೊಡನೊಂದು ಸಂಪರ್ಕಿಸುತ್ತವೆ. ಅವುಗಳಲ್ಲಿ ಡೋಪಮೀನ್ ಒಂದು. ಬೀಗಕ್ಕೆ ಕೀಲಿ ಹೊಂದುವಂತೆ ಅದು ಕೋಶದ ಗ್ರಾಹಕಕ್ಕೆ ಹೊಂದಿಕೊಳ್ಳುತ್ತದೆ. ಕ್ಲೋರ್‌ಪ್ರೊಮಜೀನ್ ಆ ಬೀಗದೊಳಗೆ ತಾನೇ ಸೇರಿ ಡೋಪಮೀನಿಗೆ ಎಡೆಗೊಡುವುದಿಲ್ಲ. ಇದರ ಮೊದಲ ಸುಳಿವನ್ನು 1963ರಲ್ಲಿ ನೀಡಿದವರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಪ್ರಮುಖನು. ನರಕೋಶಗಳ ಕುರಿತ ಸಂಶೋಧನೆಗಾಗಿ ಅವನಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಅಣುವಿನಲ್ಲಿ ಮಾಡಿದ ಸಣ್ಣ ಮಾರ್ಪಾಟುಗಳಿಂದ ಬೇರೆ ಔಷಧಗಳೂ ಹುಟ್ಟಿದವು. ಬಾಲವನ್ನೂ ಉಂಗುರಕ್ಕೆ ಸೇರಿಸಿದ ಭಾಗವನ್ನೂ ಬದಲಿಸಿದಾಗ ಟ್ರೈಫ್ಲುವೊಪೆರಜೀನ್, ಫ್ಲೂಫೆನಜೀನ್‌ಗಳು ಬಂದವು. ನಡುವಣ ಗಂಧಕದ ಸ್ಥಾನದಲ್ಲಿ ಇಂಗಾಲದ ಎರಡು ಪರಮಾಣುಗಳಿರುವ ಇಮಿಪ್ರಮೀನ್ ಖಿನ್ನತೆಗೆ ಮದ್ದಾಯಿತು.

ಆದರೆ ಈ ಔಷಧಗಳು ಸಂಜೀವಿನಿಯಲ್ಲ. ಫೀನೋಥಯಜೀನ್ ಗುಂಪಿನ ಮದ್ದುಗಳಿಂದ ಕೆಲವರಿಗೆ ಕೈ ನಡುಗುತ್ತದೆ, ಮೈ ಸೆಟೆಯುತ್ತದೆ. ಬಹುಕಾಲ ಸೇವಿಸಿದವರಲ್ಲಿ ಕೆಲವರ ನಾಲಿಗೆ, ತುಟಿಗಳು ತಾವಾಗಿಯೇ ಅಲುಗಾಡತೊಡಗುತ್ತವೆ. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಇವನ್ನು ಸೇವಿಸಲೂಬಾರದು, ನಿಲ್ಲಿಸಲೂಬಾರದು. ಇನ್ನೊಂದು ಅಪಾಯವೂ ಉಂಟು. ರೋಗಿಯ ಹಿತಕ್ಕಾಗಿ ಅಲ್ಲದೆ, ಅವನ ಸದ್ದಡಗಿಸಲೆಂದೇ ಕೊಟ್ಟ ಮದ್ದು ಕಣ್ಣಿಗೆ ಕಾಣದ ಸರಪಳಿಯಾಗುತ್ತದೆ.

ಮದ್ದು ಕಂಡುಹಿಡಿದ ಮಾತ್ರಕ್ಕೆ ರೋಗಿಯನ್ನು ಮುಟ್ಟುವುದಿಲ್ಲ. ಪ್ಯಾರಿಸ್ಸಿನಲ್ಲಿ 1952ರಲ್ಲಿ ದೊರೆತದ್ದು ನಮ್ಮ ಓಣಿಗೆ ಹದಿನೈದು ವರ್ಷಗಳಾದರೂ ತಲುಪಿರಲಿಲ್ಲ. ಈ ದೂರವನ್ನು ತಗ್ಗಿಸಲು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳ ಸಮೀಪಕ್ಕೆ ತಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಮನೋರೋಗಿಗಳನ್ನು ಸರಪಳಿಯಿಂದ ಬಂಧಿಸುವುದನ್ನು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ನಿಷೇಧಿಸಿದೆ.

ನಮ್ಮ ಓಣಿಯ ಆ ಯುವಕನು ಮುಂದೆ ಏನಾದನೋ ನಾನು ವಿಚಾರಿಸಲಿಲ್ಲ. ಅದು ಇಂದಿಗೂ ನನ್ನನ್ನು ಕೊರೆಯುತ್ತದೆ. ಮದ್ದನ್ನು ವಿಜ್ಞಾನ ಕೊಟ್ಟಿದೆ. ಅದು ಬೇಕಾದವರನ್ನು ಆಸ್ಪತ್ರೆಯ ಬಾಗಿಲಿಗೆ ಕರೆದೊಯ್ಯಬೇಕಾದವರು ನೆರೆಹೊರೆಯವರು. ಬೇಲಿಯ ಸಂದಿಯಿಂದ ಇಣುಕಿ ನಗುವವರು ಆ ಕೆಲಸವನ್ನು ಮಾಡಲಾರರು.