ಸೌರ ರಾಜತಾಂತ್ರಿಕತೆ ಮತ್ತು ಮನೆಯ ಮಾಳಿಗೆ: ಚಿಟಗುಪ್ಪ ತಾಲ್ಲೂಕಿನ ಅರ್ಜಿದಾರರ ಮಾಹಿತಿಗಾಗಿ

ಅಂತಾರಾಷ್ಟ್ರೀಯ ಸೌರ ಒಕ್ಕೂಟದ ಪ್ರಥಮ ಮಹಾನಿರ್ದೇಶಕರಾಗಿದ್ದ ಶ್ರೀ ಉಪೇಂದ್ರ ತ್ರಿಪಾಠಿಯವರು ಕರ್ನಾಟಕ ವೃಂದದ 1980ನೇ ತಂಡದ ಭಾರತೀಯ ಆಡಳಿತ ಸೇವೆಯ ಅಧಿಕಾರಿ. ವಿದೇಶಾಂಗ ಸೇವೆಗೆ ಸೇರಿದವರಲ್ಲದಿದ್ದರೂ ಅವರ ವೃತ್ತಿಜೀವನದ ಕೊನೆಯ ಘಟ್ಟ ರಾಜತಾಂತ್ರಿಕ ಕಾರ್ಯದಲ್ಲಿಯೇ ಕಳೆಯಿತು. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕರಾಗಿ ನಗರದ ಬಸ್ಸುಗಳ ಆಡಳಿತ ನೋಡಿಕೊಂಡಿದ್ದ ಅವರು ಮುಂದೆ ಕೇಂದ್ರದ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದ ಕಾರ್ಯದರ್ಶಿಯಾದರು. 2022ರೊಳಗೆ ಸಾಧಿಸಬೇಕಾದ ಸೌರ ವಿದ್ಯುತ್ತಿನ ರಾಷ್ಟ್ರೀಯ ಗುರಿಯನ್ನು 20 ಗಿಗಾವ್ಯಾಟ್‌ನಿಂದ 100 ಗಿಗಾವ್ಯಾಟ್‌ಗೆ ಏರಿಸಿದ್ದು ಅದೇ ಅವಧಿಯಲ್ಲಿ, 2015ರ ಜೂನ್‌ನಲ್ಲಿ.

ಸದರಿ ಒಕ್ಕೂಟವನ್ನು ಭಾರತ ಮತ್ತು ಫ್ರಾನ್ಸ್ ದೇಶಗಳು 2015ರ ನವೆಂಬರ್ 30ರಂದು ಪ್ಯಾರಿಸ್‌ನಲ್ಲಿ ಘೋಷಿಸಿದವು. ಕರ್ಕಾಟಕ ಹಾಗೂ ಮಕರ ಸಂಕ್ರಾಂತಿ ವೃತ್ತಗಳ ನಡುವಿನ, ಅಂದರೆ ಚಿಟಗುಪ್ಪದಂತೆಯೇ ಬಿಸಿಲು ಹೇರಳವಾಗಿರುವ ದೇಶಗಳನ್ನು ಒಂದುಗೂಡಿಸುವುದು ಮೂಲ ಉದ್ದೇಶವಾಗಿತ್ತು. ಆದರೆ ಘೋಷಣೆಯೇ ಒಪ್ಪಂದವಲ್ಲ. ಹದಿನೈದು ದೇಶಗಳು ತಮ್ಮ ತಮ್ಮ ನೆಲದಲ್ಲಿ ಅನುಮೋದಿಸಿದ ನಂತರವೇ ಅದು ಜಾರಿಗೆ ಬರಬೇಕಿತ್ತು. 2017ರಲ್ಲಿ ಹಂಗಾಮಿ ಮಹಾನಿರ್ದೇಶಕರಾದ ಶ್ರೀ ತ್ರಿಪಾಠಿಯವರ ಮುಂದಿದ್ದ ಮೊದಲ ಕೆಲಸವೇ ಅದು. ಹದಿನೈದನೆಯದಾಗಿ ಆಫ್ರಿಕಾದ ಗಿನಿ ಅನುಮೋದಿಸಿತು. 2017ರ ಡಿಸೆಂಬರ್ 6ರಂದು ಒಪ್ಪಂದ ಜಾರಿಯಾಯಿತು.

ಅನಂತರದ ಕೆಲಸ ಸಂತೆಯ ಲೆಕ್ಕವನ್ನು ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಒಬ್ಬರೇ ಕೊಂಡರೆ ಬಿಡಿ ದರ, ಹಲವರು ಕೂಡಿ ಕೊಂಡರೆ ಸಗಟು ದರ. ಸಣ್ಣ ದೇಶಗಳು ಪ್ರತ್ಯೇಕವಾಗಿ ದರ ಕೇಳುವ ಬದಲು 22 ದೇಶಗಳ ಸುಮಾರು 2.7 ಲಕ್ಷ ಸೌರ ಪಂಪ್‌ಸೆಟ್‌ಗಳ ಬೇಡಿಕೆಯನ್ನು ಒಟ್ಟುಗೂಡಿಸಿ ಒಕ್ಕೂಟವು ದರ ಪಡೆಯಿತು. 2021ರಲ್ಲಿ ಶ್ರೀ ತ್ರಿಪಾಠಿಯವರು ಡಾ. ಅಜಯ್ ಮಾಥುರ್ ಅವರಿಗೆ ಅಧಿಕಾರ ವಹಿಸಿಕೊಟ್ಟರು.

ಒಕ್ಕೂಟದ ಕಾರ್ಯಕ್ಷೇತ್ರ ದೇಶ-ದೇಶಗಳ ನಡುವಿನದು. ಗುರುಗ್ರಾಮದಲ್ಲಿರುವ ಅದರ ಕೇಂದ್ರ ಕಚೇರಿಯು ಮನೆಗಳಿಗೆ ಸಹಾಯಧನ ಮಂಜೂರು ಮಾಡುವುದಿಲ್ಲ. ಅದರ ಹೆಸರು ಹೇಳಿ ಯಾರಾದರೂ ಹಣ ಕೇಳಿದಲ್ಲಿ ಕೊಡತಕ್ಕದ್ದಲ್ಲ. ಮಾಳಿಗೆಯ ಮೇಲೆ ಸೌರ ಫಲಕ ಅಳವಡಿಸಿಕೊಳ್ಳಲು ಇಚ್ಛಿಸುವವರಿಗೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಇದೆ. 1 ಕಿಲೋವ್ಯಾಟ್‌ಗೆ 30,000 ರೂ., 2 ಕಿಲೋವ್ಯಾಟ್‌ಗೆ 60,000 ರೂ., 3 ಕಿಲೋವ್ಯಾಟ್ ಹಾಗೂ ಅದಕ್ಕೂ ಹೆಚ್ಚಿನ ಸಾಮರ್ಥ್ಯಕ್ಕೆ ಗರಿಷ್ಠ 78,000 ರೂ. ಕೇಂದ್ರ ಸಹಾಯಧನ ದೊರೆಯುತ್ತದೆ. ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಜಾಲತಾಣದಲ್ಲಿ, ಜೆಸ್ಕಾಂ ಬಿಲ್ಲಿನಲ್ಲಿರುವ ಗ್ರಾಹಕರ ಸಂಖ್ಯೆಯೊಂದಿಗೆ ಸಲ್ಲಿಸಬೇಕು. ನೋಂದಾಯಿತ ಮಾರಾಟಗಾರರನ್ನು ಆಯ್ಕೆ ಮಾಡುವ ಹಕ್ಕು ಅರ್ಜಿದಾರರದೇ. ಫಲಕ ಮತ್ತು ನೆಟ್ ಮೀಟರ್ ಅಳವಡಿಕೆಯನ್ನು ಜೆಸ್ಕಾಂ ಪರಿಶೀಲಿಸಿದ ನಂತರ ಮೊತ್ತವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಖರ್ಚನ್ನು ಸ್ವಂತ ಹಣದಿಂದ ಅಥವಾ ಬ್ಯಾಂಕ್ ಸಾಲದಿಂದ ಭರಿಸಬೇಕಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳಿತು.

ಹಳೆಯ ಮನೆಗಳಲ್ಲಿ ಬಿಲ್ಲು ಇನ್ನೂ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಬರುತ್ತಿರುವುದುಂಟು. ಅಂಥವರು ಮೊದಲು ಜೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಹೆಸರು ಬದಲಾವಣೆ ಮಾಡಿಸಿಕೊಂಡು ಅನಂತರ ಅರ್ಜಿ ಸಲ್ಲಿಸುವುದು.